ಮೂಗಿನ ನೇರಕ್ಕೆ

ಥರ್ಸೋ ಊರಿನ ಗಾಳಿಗೆ ಭಾನುವಾರವೂ ರಜೆಯಿಲ್ಲ.
ಮೊದಲು ಎತ್ತರದ ಗಾಜು ತಂದೆ. ಗಾಜೇನಲ್ಲ, ಪ್ಲಾಸ್ಟಿಕ್ಕು.
ಹನಿ ಕೂತರೆ ಎದುರಿನ ಲಾರಿ ಒಂದಕ್ಕೆ ನಾಲ್ಕು.
ಆಮೇಲೆ ಗಿಡ್ಡದ್ದು. ಎದೆಗೆ ಸುಖ,
ಹೆಲ್ಮೆಟ್ಟಿನೊಳಗೆ ಮಾತ್ರ ಯಾರೋ
ಖಾಲಿ ಡಬ್ಬ ಬಡಿಯುತ್ತಲೇ ಇದ್ದರು
ವಿಕ್ ಮುಟ್ಟುವವರೆಗೂ.

ಎರಡನ್ನೂ ಹೊತ್ತು ಹೋದೆ.
ವಿಲಿಯಮೀನಾ ಗನ್, ಅರವತ್ತೆಂಟು,
ಶೆಡ್ಡಿನ ಬಾಗಿಲು ಹಾರದಂತೆ ಟಯರು ಒರಗಿಸಿ
"ಕೂತ್ಕೊ. ನೆಟ್ಟಗಲ್ಲ,
ದಿನಾ ಹೇಗೆ ಕೂರ್ತೀಯೋ ಹಾಗೆ" ಅಂದಳು.
ಕೂತೆ. ಬೆನ್ನು ತಂತಾನೇ ಗೂನಾಯಿತು.
ಮೂಗಿನ ತುದಿಯಿಂದ ಎತ್ತರದ ಗಾಜಿಗೆ
ದಾರ ಎಳೆದು
ನೀಲಿ ಟೇಪು ಅಂಟಿಸಿದಳು.
"ಇದರೊಳಗಿಂದ ನೋಡಬೇಡ,
ಇದರ ಮೇಲಿಂದ ನೋಡು."

ಅವರವರ ಮೂಗಿನ ನೇರಕ್ಕೆ ಮಾತಾಡ್ತಾರೆ
ಅನ್ನೋದು ನಮ್ಮಲ್ಲಿ ಬೈಗುಳ, ಅಂದೆ.
ಹಲ್ಲಲ್ಲಿ ಸ್ಕ್ರೂ ಕಚ್ಚಿಕೊಂಡೇ ನಕ್ಕಳು:
"ಮತ್ತಿನ್ಯಾರ ಮೂಗಿನ ನೇರಕ್ಕೆ ಕೊಯ್ಯಲಿ?"

ಗರಗಸ.
ಅವಳ ತೋಳಿನ ರೋಮಕ್ಕೆಲ್ಲ ಬಿಳಿ ಪುಡಿ.
ಎರಡು ವಾಷರು ಹೆಚ್ಚಿಗೆ, ಒಂದು ಬೆರಳಷ್ಟು ಹಿಂಬಾಗು.
ಬಿದ್ದ ಹೋಳನ್ನು ಎತ್ತಿ ನನ್ನ ಜೇಬಿಗೆ ತುರುಕಿದಳು,
"ಇದು ನಿನಗೆ ಬೇಡದ ಎತ್ತರ."

ಸಂಜೆ, ಡನೆಟ್ ದಾರಿ, ಅರವತ್ತರ ವೇಗ.
ಗಾಳಿ ತಲೆಯ ಮೇಲಿಂದ ದಾಟಿ
ಬೇರೆ ಯಾರನ್ನೋ ಹುಡುಕಿಕೊಂಡು ಹೋಯಿತು.
ಡಬ್ಬ ನಿಂತಿತ್ತು.
ಈಗ ಕೇಳಿಸಿತು: ಚೈನು, ಎಂಜಿನ್ನು,
ಯಾವ ಕಾಲದಿಂದಲೋ
ಎಡಗಡೆ ಕಟಕಟ ಅನ್ನುತ್ತಿದ್ದ
ಒಂದು ಸಡಿಲ ಬೋಲ್ಟು.