ಸೊನ್ನೆ ಒಂಬತ್ತು ಸೊನ್ನೆ ಎಂಟು

ಆರೂವರೆಯ ಬಸ್ಸಿಗೆ ನಿಂತು ಬಂದವಳು ನಾನು,
ಬಂಕಾಪುರದಲ್ಲಿ ಕಂಬಿ ಸಿಕ್ಕಿತು, ಶಿಗ್ಗಾವಿಯಲ್ಲಿ ಸೀಟು.
ಕಿಟಕಿಯಾಚೆ ಕಂಟೇನರುಗಳು, ಬಾಗಿಲಿಗೆ ಸೀಲು,
ಗೋವೆಯ ಕಡೆಗೋ ಮುಂಬೈ ಕಡೆಗೋ.
ಬಿಬಿಎ ಐದನೆಯ ಸೆಮಿಸ್ಟರ್, ಹುಬ್ಬಳ್ಳಿ.
ವಿಷಯ: ಅಂತರರಾಷ್ಟ್ರೀಯ ವ್ಯವಹಾರ.
ಪಾಸ್‌ಪೋರ್ಟ್ ಇಲ್ಲ. ಕಂಡ ಸಮುದ್ರ ಒಂದೇ, ಕಾರವಾರದ್ದು,
ಅದೂ ಸಂಜೆಯಾಗಿತ್ತು;
ಹಡಗು ಅಂದುಕೊಂಡದ್ದು ನಡುಗಡ್ಡೆ.

ಮುದೇನೂರ ಮೇಡಂ ಹೇಳಿದರು:
ನಿಮ್ಮೂರಿನ ಒಂದು ಸರಕು ಆರಿಸಿ,
ಹೊರದೇಶಕ್ಕೆ ಕಳಿಸಿ. ಕಾಗದದ ಮೇಲೆ. ಇಪ್ಪತ್ತು ಅಂಕ.
ಬ್ಯಾಡಗಿಯವರು ಮೂವರೂ ಮೆಣಸಿನಕಾಯಿಗೆ ಜಗಳ ತೆಗೆದರು.
ಗದಿಗೆಪ್ಪ ಸವಣೂರಿನ ಎಲೆ ಅಂದ;
"ದುಬೈ ಮುಟ್ಟೂದ್ರಾಗ ಬಾಡ್ತೈತಲೇ" ಅಂದಿತು ಹಿಂದಿನ ಬೆಂಚು.
ನಾನು ಬರೆದೆ: ಏಲಕ್ಕಿ ಹಾರ. ಹಾವೇರಿ.

ನಮ್ಮ ನಡುಮನೆಯೇ ಕಾರ್ಖಾನೆ.
ಅಮ್ಮಿ ಗೋಡೆಗೊರಗಿ, ಕಾಲು ಚಾಚಿ,
ಹೆಬ್ಬೆರಳಿಗೆ ಚಿಂದಿ ಸುತ್ತಿ ಕಾಯಿ ಪೋಣಿಸುತ್ತಾಳೆ.
ಬಂದವರು ಮೂಗರಳಿಸಿ ಆಹಾ ಅನ್ನುತ್ತಾರೆ;
ನಮಗೆ ವಾಸನೆ ಬರದೆ ಎಷ್ಟೋ ವರ್ಷವಾಯಿತು.
ಬಸ್ಸಿನಲ್ಲಿ ಪಕ್ಕದವಳು
"ಡಬ್ಬ್ಯಾಗ ಪಾಯಸ ಒಯ್ಯಾಕತ್ತೀಯೇನವಾ?" ಅಂದಾಗಲೇ
ಅದು ನನ್ನ ಮೈಗೂ ಇದೆಯೆಂದು ತಿಳಿದದ್ದು.

ಮೊದಲ ಖಾನೆಯಲ್ಲೇ ನಿಂತೆ.
ಜಗತ್ತಿನ ಎಲ್ಲ ಸರಕಿಗೂ ಒಂದೊಂದು ಅಂಕಿಯಂತೆ,
ಬಂದರಿನ ಸಾಹೇಬರಿಗೆ ಹೆಸರು ಬೇಡ.
ಏಲಕ್ಕಿಗೆ ಸೊನ್ನೆ ಒಂಬತ್ತು ಸೊನ್ನೆ ಎಂಟು.
ಪೋಣಿಸಿದ ಏಲಕ್ಕಿಗೆ?
ಜರಿ ಸುತ್ತಿ, ಉಣ್ಣೆಯ ಗೊಂಡೆ ಕಟ್ಟಿ, ನಡುವೆ ಮಣಿ ಕೂರಿಸಿದ್ದಕ್ಕೆ?
ಮಸಾಲೆ ಅಂದರೆ ಲ್ಯಾಬಿನ ಚೀಟಿ ಕೇಳುತ್ತಾರೆ,
ಒಡವೆ ಅಂದರೆ ನಗುತ್ತಾರೆ.
ಹೂವಲ್ಲ. ತಿನ್ನಬಹುದು, ಯಾರೂ ತಿನ್ನುವುದಿಲ್ಲ.
ಗ್ರಂಥಾಲಯದ ದಪ್ಪ ಪುಸ್ತಕದಲ್ಲಿ ತೊಂಬತ್ತೇಳು ಅಧ್ಯಾಯ:
ಕುದುರೆ ಇದೆ, ಕೊಡೆ ಇದೆ, ಕಟ್ಟಿಸಿದ ಹಲ್ಲು ಇದೆ,
ಕಪ್ಪೆಯ ಕಾಲಿಗೂ ಒಂದು ಸಾಲಿದೆ.
ಅಮ್ಮಿಯ ಹಾರ ಎಲ್ಲಿ ಕೂರಿಸಿದರೂ ಜಾರುತ್ತದೆ.

ಎರಡನೆಯ ಖಾನೆ: ಹುಟ್ಟಿದ ದೇಶ.
ಇದರಲ್ಲೇನಿದೆ ಎಂದು ಬರೆದೂ ಬಿಟ್ಟೆ.
ಆಮೇಲೆ ಓದುತ್ತ ಸಿಕ್ಕಿತು: ಏಲಕ್ಕಿಯನ್ನು
ನಮಗಿಂತ ಹೆಚ್ಚು ಮಾರುವವರು ಗ್ವಾಟೆಮಾಲಾದವರು.
ಚೀಲ ಇಳಿಸಿದ ಅಡಿವೆಪ್ಪ ಕಾಕಾನನ್ನು ಕೇಳಿದೆ,
ಈ ಮಾಲು ಎಲ್ಲೀದು?
"ಅಂಗಡೀದು" ಅಂದ.

ರಾತ್ರಿ ಅಮ್ಮಿಗೆ ಹೇಳಿದೆ,
ಹಿಂಗೊಂದು ದೇಶ ಐತಿ, ಅಲ್ಲೂ ಹೆಣ್ಣುಮಕ್ಕಳು
ಬುಟ್ಟಿ ಮುಂದಿಟ್ಟುಕೊಂಡು ಕಾಯಿ ಆರಿಸ್ತಾರ.
ಅಮ್ಮಿ ಸೂಜಿ ನಿಲ್ಲಿಸಲಿಲ್ಲ.
"ಎಷ್ಟು ಕೊಡ್ತಾರ?"
ಕಿಲೋದ ರೇಟು ಹೇಳಿದೆ, ಡಾಲರಿನಲ್ಲಿ.
"ಕೂಲಿ ಕೇಳಿದ್ನಿ ನಾ."
ಪುಟ ತಿರುಗಿಸಿದೆ. ಇನ್ನೂ ತಿರುಗಿಸಿದೆ.

ಕೊನೆಯದು ಹಡಗಿನವನ ರಸೀದಿ, ಬಿಲ್ ಆಫ್ ಲೇಡಿಂಗ್.
ಕಳಿಸುವವರು: ಖೈರುನ್ನಿಸಾ ಮುಲ್ಲಾನವರ.
ರೇಷನ್ ಕಾರ್ಡು ಬಿಟ್ಟರೆ ಅಮ್ಮಿಯ ಪೂರ್ತಿ ಹೆಸರು
ಬೇರೆಲ್ಲೂ ಬರೆದದ್ದು ನಾನು ಕಂಡಿಲ್ಲ.
ಪಡೆಯುವವರು: 'ಟು ಆರ್ಡರ್'.
ಮೇಡಂ ಕಲಿಸಿದ್ದರು, ಹೆಸರು ಬೇಕಿಲ್ಲ,
ಸಹಿಯಾದ ಕಾಗದ ಯಾರ ಕೈಯಲ್ಲೋ ಸರಕು ಅವರದು.
"ಯಾರ ಕೊಳ್ಳಾಗ ಬೀಳ್ತೈತಿ ಅಂತ ಬರದಿಲ್ಲೇನು?"
ನಿನಗ ಗೊತ್ತಿರ್ತೈತೇನು, ಅಂದೆ,
ಇಷ್ಟು ವರ್ಷ ಪೋಣಿಸೀಯಲ್ಲ, ಮಂತ್ರೀದೋ ಮದುಮಗಂದೋ?
ನಕ್ಕಳು. ದಾರ ಹಲ್ಲಿನಲ್ಲಿತ್ತು.
"ಎಳಿ ಎಷ್ಟು ಅಂತ ಹೇಳಿರ್ತಾರ ನಂಗ."

ಇಪ್ಪತ್ತಕ್ಕೆ ಹದಿಮೂರು ಬಂತು.
ಮೊದಲ ಖಾನೆಗೆ ಕೆಂಪು ಗೆರೆ, ಪಕ್ಕದಲ್ಲೊಂದು ಪ್ರಶ್ನಾರ್ಥಕ;
ಕೇಳಿದ್ದು ನನ್ನನ್ನೋ ತಮ್ಮನ್ನೋ, ಮೇಡಂ ಹೇಳಲಿಲ್ಲ.
ಗದಿಗೆಪ್ಪ ಮಾತ್ರ ಹೇಳಿದ:
ಪ್ರಾಜೆಕ್ಟುಗಳ ಕಟ್ಟು ಬಿಚ್ಚಿದ ದಿನ ಸ್ಟಾಫ್ ರೂಮಿನಲ್ಲಿ
ಚಹಾ ಬಹಳ ಛಲೋ ಆಗೇತಿ ಅಂದರಂತೆ ಎಲ್ಲರೂ.
ಪ್ಯೂನ್ ಎರಡು ಸಲ ಹೇಳಿದನಂತೆ,
"ನಾ ಏನೂ ಹಾಕಿಲ್ರೀ."