ಗಂಟೆ ಒತ್ತದವರು

ತರಬೇತಿಯ ಕೋಣೆಗೆ ನಾಲ್ಕು ಮೂಲೆ.
ಕೆಂಪು, ಹಳದಿ, ಹಸಿರು, ನೀಲಿ
ಕಾಗದ ಅಂಟಿಸಿದ್ದಾಳೆ ಲೀಡ್ಸಿನಿಂದ ಬಂದ ಹುಡುಗಿ.
ಹದಿನೆಂಟು ಪ್ರಶ್ನೆಗೆ ಉತ್ತರ ಗೀಚಿ
ಹಡರ್ಸ್‌ಫೀಲ್ಡ್ ಡಿಪೋದ ಹನ್ನೊಂದು ಡ್ರೈವರುಗಳು
ಅವರವರ ಬಣ್ಣದಡಿ ಹೋಗಿ ನಿಂತೆವು,
ಗೋದಾಮಿನಲ್ಲಿ ಚೀಟಿ ಹಚ್ಚಿದ ಚೀಲಗಳ ಹಾಗೆ.

ಕೆಂಪಿನಡಿ ಕಾಲಮ್. ಅವನು ಬ್ರೇಕು ಹಾಕಿದರೆ
ಹಿಂದಿನ ಸೀಟಿನ ಆಲೂಗಡ್ಡೆ ಮುಂದಿನವರ ಕಾಲಿಗೆ.
ಹಳದಿಯಡಿ ಶಹನಾಜ್. ಗೋಲ್ಕರ್ ಗುಡ್ಡ ಹತ್ತುವಷ್ಟರಲ್ಲಿ
ಮೂವರ ಮೊಣಕಾಲು ನೋವು, ಒಬ್ಬರ ವಿಚ್ಛೇದನ
ಕೇಳಿ ಮುಗಿಸಿರುತ್ತಾಳೆ.
ನೀಲಿಯಡಿ ನಾನೊಬ್ಬಳೇ.
"ಯೋಚಿಸುವವರು ಇವರು, ಮಾತು ಕಡಿಮೆ" ಎಂದಳು ಹುಡುಗಿ
ನನ್ನ ಪರವಾಗಿ, ಬಹಳ ಹೊತ್ತು ಮಾತಾಡಿ.

ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದಂತೆ.
ನಾನು ಕಡಲೇ ದಾಟಿದೆ.
ಅದೂ ಬಂತು, ಕೈಚೀಲದಲ್ಲಿ,
ತೂಕಕ್ಕೆ ಸಿಗದೆ.

ಆದರೆ ಜನರನ್ನು ನಾನು ಓದಿದ್ದು ಅವರ ಬೆರಳಿನಿಂದ.
ಕಂಬದ ಕೆಂಪು ಗುಂಡಿ ಒತ್ತುತ್ತಾರಲ್ಲ, ಆ ಬೆರಳು.
ಎರಡು ಸ್ಟಾಪು ಮೊದಲೇ ಒತ್ತಿ ಬಾಗಿಲಿಗೆ ಬಂದು ನಿಲ್ಲುವವರು;
ದೀಪ ಹತ್ತಿದ್ದರೂ ನಂಬದೆ ಮತ್ತೆ ಮತ್ತೆ ಒತ್ತುವವರು,
ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ನನ್ನ ಗಂಡನ ಕುಲ;
ಸ್ಟಾಪು ದಾಟಿದ ಮೇಲೆ ಒತ್ತಿ ನನ್ನನ್ನೇ ಬೈಯುವವರು;
ಒತ್ತಲಿಕ್ಕೆಂದೇ ಹುಟ್ಟಿಬಂದ ಮೂರು ವರ್ಷದವರು.
ಮತ್ತೆ,
ಒತ್ತದವರು.

ವಿಲ್ಫ್ರೆಡ್ ಸೈಕ್ಸ್, ಪಾಸಿನ ಮೇಲಿದ್ದ ಹೆಸರು.
ಬೂದು ಟೋಪಿ, ಎಡಗಡೆಯ ಕಿಟಕಿ, ತೊಡೆಯ ಮೇಲೆ ಬ್ರೆಡ್ಡು.
ಇಳಿಯಬೇಕಾದ್ದು ಲಿಂತ್‌ವೇಟಿನ ಚಾಪೆಲ್ ಎದುರು.
ಯಾರಾದರೂ ಒತ್ತಿಯಾರು ಎಂದು ಕಾಯುತ್ತಾನೆ.
ಯಾರೂ ಒತ್ತದ ದಿನ
ಮುಂದಿನ ಸ್ಟಾಪಿನಲ್ಲಿ ಯಾರದೋ ಬೆನ್ನಿಗೆ ಇಳಿದು
ತುಂತುರಿನಲ್ಲಿ ಹಿಂದಕ್ಕೆ ನಡೆಯುವುದನ್ನು
ಪಕ್ಕದ ಕನ್ನಡಿಯಲ್ಲಿ ಎರಡು ಸಲ ಕಂಡೆ.

ಗೊತ್ತಾಯಿತು. ಗೊತ್ತಾಗದೆ ಏನು?
ಓಣಿಯ ಅಂಗಡಿಗೆ ಕಳಿಸಿದರೆ
ಕೊನೆಯ ಗಿರಾಕಿ ಹೋಗುವ ತನಕ ನಿಂತೂ
"ಸಕ್ಕರೆ" ಎನ್ನಲಾರದೆ ಮರಳಿದವಳು ನಾನು.
ಅಂದಿನಿಂದ ಗಂಟೆಯಿಲ್ಲದೆಯೇ ನಿಲ್ಲಿಸಿದೆ.
ಬಾಗಿಲು ಉಸ್ಸೆನ್ನುತ್ತಿತ್ತು. ಆತ ಇಳಿಯುತ್ತಿದ್ದ,
ಟೋಪಿ ಮುಟ್ಟಿಕೊಳ್ಳುತ್ತಿದ್ದ.
ಇಡೀ ಚಳಿಗಾಲ ಇದೇ, ಒಂದು ಮಾತೂ ಖರ್ಚಾಗದ ಒಪ್ಪಂದ.
ನೀಲಿ ಕಾಗದದಡಿ ನಿಂತಾಗ ನೆನೆದದ್ದು ಆತನನ್ನೇ:
ನನ್ನ ಮೂಲೆಗೆ ಇನ್ನೊಬ್ಬ ಇದ್ದಾನೆ.

ಮರುವಾರವೇ, ಮಾರ್ಚಿನ ಒಂದು ಗುರುವಾರ,
ಚಾಪೆಲ್ ಎದುರು ನಿಲ್ಲಿಸಿದೆ. ತೆರೆದೆ.
ಆತ ಏಳಲಿಲ್ಲ.
ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ತಗಲಿತು. ಕಾದೆ.
ಬಸ್ಸಿಗೆ ಬಸ್ಸೇ ಅವನತ್ತ ತಿರುಗಿತು.
"ನಾನು ಒತ್ತಿಲ್ಲ."
ಮೊದಲ ಸಲ ಕೇಳಿದೆ ಆ ದನಿ,
ಗುಡ್ಡದ ಕುರಿಗಳೂ ತಲೆಯೆತ್ತುವಷ್ಟು ದೊಡ್ಡದು.
"ಮಾರ್ಸ್‌ಡನ್ನಿಗೆ ಹೋಗಬೇಕು ನನಗಿವತ್ತು.
ಇಲ್ಲೇ ಇಳಿಯುವವನು ಅಂತ ಯಾರು ಹೇಳಿದರು ನಿಮಗೆ?"

ಬಾಗಿಲು ಮುಚ್ಚಿದೆ. ಕಿವಿ ಬಿಸಿ.
ನಾಲ್ಕು ಮೈಲಿ ಯೋಚಿಸಿದೆ. ಯೋಚಿಸುವವಳಲ್ಲವೆ ನಾನು.
ಒಬ್ಬರಿಗೆಂದು ತೆರೆದ ಬಾಗಿಲು
ಅವರನ್ನು ಹೊರಗೆ ಹಾಕುವುದೂ ಹೌದಲ್ಲ.

ಮಾರ್ಸ್‌ಡನ್,
ಕಾಲುವೆಯೊಂದು ಗುಡ್ಡದೊಳಗೆ ಹೊಕ್ಕು ಕಾಣೆಯಾಗುವ ಊರು.
ಎಲ್ಲರೂ ಇಳಿದ ಮೇಲೆ ಬಂದ.
ಬಗಲಲ್ಲಿ ಬ್ರೆಡ್ಡಿಲ್ಲ; ಕರಿಯ ಪೆಟ್ಟಿಗೆ, ಹಿತ್ತಾಳೆಯ ಕೊಂಡಿ.
ಹತ್ತುವಾಗಲೂ ಅದು ಇದ್ದೇ ಇತ್ತು.
ನಾನು ಟೋಪಿ ಮಾತ್ರ ನೋಡಿದ್ದೆ.

ಕೇಳುವ ಜಾತಿಯವಳಲ್ಲ ನಾನು ಅಂದುಕೊಂಡೆ.
ಎಂಜಿನ್ ನಿಲ್ಲಿಸಿದೆ.
"ಒಳಗೇನಿದೆ?" ಅಂದೆ, ಶಹನಾಜಳ ದನಿ ಕಡ ತಂದು.
ವಾಪಸು ಹೊರಡಲು ಆರು ನಿಮಿಷವಿತ್ತು.
ಆತ ಹತ್ತು ನಿಮಿಷ ಹೇಳಿದ.