ಇಪ್ಪತ್ತನಾಲ್ಕರಲ್ಲಿ ಐದು

ಐದನೇ ಕ್ಲಾಸಿಗೆ ಭಿನ್ನರಾಶಿ ಕಲಿಸುವವಳು ನಾನು.
ಛೇದ ಸಮ ಮಾಡಿಕೊಳ್ಳಿ, ಆಮೇಲೆ ಕೂಡಿಸಿ
ಎಂದು ಹದಿನೆಂಟು ವರ್ಷ ಹೇಳಿದ ಬಾಯಿ
ಉಪ್ಪನ ನಲವತ್ತು ಕಳೆದ ಮಾರನೆ ದಿನ
ಆರಿಕ್ಕಾಡಿಯ ನಮ್ಮ ಜಗಲಿಯಲ್ಲಿ ಸುಮ್ಮನೆ ಕೂತಿತ್ತು.

ಖತೀಬರು ಕನ್ನಡಕ ಒರೆಸಿ, ಕರೆಂಟು ಬಿಲ್ಲಿನ ಹಿಂದೆ ಬರೆದರು:
ಉಮ್ಮನಿಗೆ ಎಂಟರಲ್ಲೊಂದು.
ನನಗೂ ಮಿಸ್ರಿಯಳಿಗೂ ಸೇರಿ ಮೂರರಲ್ಲೆರಡು.
ಛೇದ ಇಪ್ಪತ್ತನಾಲ್ಕು. ತಪ್ಪಿಲ್ಲ, ನಾನೂ ನೋಡಿದೆ.
ಮೂರು, ಹದಿನಾರು. ಉಳಿದ ಐದು,
ಗಂಡುಮಗನಿಲ್ಲದ್ದಕ್ಕೆ, ಉಪ್ಪನ ತಮ್ಮ ಹಸೈನಾರಿಗೆ.

ಒಟ್ಟು ಹತ್ತೊಂಬತ್ತು ಸೆಂಟ್ಸು ಇತ್ತು.
ಎರಡನ್ನು ಹೆದ್ದಾರಿ ನುಂಗಿತು;
ಆ ಕಾನೂನಿನ ಹೆಸರೇನೆಂದು ಊರಲ್ಲಿ ಯಾರೂ ಕೇಳಲಿಲ್ಲ,
ಟಿವಿಯಲ್ಲಿ ಯಾರೂ ಮೇಜು ಕುಟ್ಟಲಿಲ್ಲ.
ಮಿಕ್ಕ ಹದಿನೇಳರಲ್ಲಿ ಎಳಯಪ್ಪನ ಪಾಲು ಮೂರೂವರೆ ಚಿಲ್ಲರೆ:
ಬಾವಿ, ಬಟ್ಟೆ ಒಗೆಯುವ ಕಲ್ಲು, ಬಿಂಬುಳಿ ಮರ.

"ಬದುಕಿದ್ದಾಗಲೇ ಬರೆದಿಡಬಹುದಿತ್ತು" ಎಂದರು ವಕೀಲೆ ಪ್ರಮೀಳಾ,
"ಇಲ್ಲವೆ ಗಂಡಹೆಂಡಿರು ಕಚೇರಿಗೆ ಹೋಗಿ
ಬೇರೆ ಕಾಯಿದೆಯಲ್ಲಿ ಇನ್ನೊಮ್ಮೆ ಮದುವೆ."
ಉಮ್ಮ, ಇದ್ದತ್ತಿನ ಕೋಣೆಯೊಳಗಿಂದಲೇ:
"ಒಮ್ಮೆ ಆದದ್ದೇ ಸಾಕಾಗಿತ್ತು ನನಗೆ."
ನಲವತ್ತು ದಿನದಲ್ಲಿ ಆ ಕೋಣೆಯ ಮೊದಲ ನಗು.

ಖತೀಬರಲ್ಲಿ ಕೇಳಿದೆ, ಜಗಳಕ್ಕಲ್ಲ:
ಆಸ್ಪತ್ರೆಯ ಬಿಲ್ಲು ಕಟ್ಟಿದವಳು ನಾನು.
ಡಯಾಲಿಸಿಸ್ಸಿಗೆ ಮಂಗಳೂರಿಗೆ, ವಾರಕ್ಕೆರಡು ಸಲ,
ಉಪ್ಪನ ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸು ಹತ್ತಿದವಳು ಮಿಸ್ರಿಯ.
ಶೇಷ ನಮಗೇಕಲ್ಲ?

ಅವರು ಸ್ವಲ್ಪ ಹೊತ್ತು ತೆಗೆದುಕೊಂಡರು.
"ಹೆಣ್ಣುಕೂಸನ್ನು ಮಣ್ಣಲ್ಲಿ ಹೂಳುತ್ತಿದ್ದ ಕಾಲದಲ್ಲಿ
ಅದೇ ಮಣ್ಣಲ್ಲಿ ಅವಳಿಗೆ ಪಾಲು ಎಂದ ಲೆಕ್ಕ ಇದು, ಮೋಳೇ.
ಐದು ತಗೊಂಡವನು ನಿಮಗೆ ಆಸರೆಯಾಗುತ್ತಾನೆ,
ಆ ಭರವಸೆಯ ಮೇಲೆ ನಿಂತದ್ದು."
ಮೊದಲ ಮಾತು ನಿಜ. ನಿಜವಾದ್ದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ.
ಅಷ್ಟು ದೂರ ನಡೆದುಬಂದ ಲೆಕ್ಕ
ನಮ್ಮ ಬಾವಿಕಟ್ಟೆಯಲ್ಲಿ ಯಾಕೆ ಕಾಲು ಚಾಚಿ ಕೂತಿತು
ಎಂದು ಕೇಳಬೇಕಿತ್ತು. ಅಸರ್ ಬಾಂಗ್ ಆಯಿತು. ಎದ್ದರು.

ಎಳಯಪ್ಪ ಅಜ್ಮಾನಿನಿಂದ ಬಂದದ್ದು ಐದು ದಿನದ ರಜೆಗೆ.
ಕೆಫೆಟೇರಿಯಾದಲ್ಲಿ ಪರೋಟ ತಟ್ಟಿ ಬೆರಳುಗಂಟು ಊದಿದ ಮನುಷ್ಯ.
"ನಾನು ಯಾರಿಗೆ ಆಸರೆಯಾದೆ?" ಎಂದ. "ನನಗೆ ಬೇಡ."
ಬೇಡ ಎಂದರೆ ಸಾಲದು; ಹಿಬಾ ಎಂದರೆ
ಮೊದಲು ತನ್ನದಾಗಬೇಕು, ಆಮೇಲೆ ಕೈಬಿಡಬೇಕು.
ಆ ರಾತ್ರಿ ಬಾವಿಯ ಪಕ್ಕ ಚಾಪೆ ಹಾಸಿ ಮಲಗಿದ,
ತನ್ನ ಮೂರೂವರೆ ಸೆಂಟ್ಸಿನ ಮೇಲೆ, ಸೊಳ್ಳೆಗಳ ಜೊತೆ.
ಬೆಳಿಗ್ಗೆ ಒಂದು ಕೊಡ ನೀರೆಳೆದು, ಹಗ್ಗ ನನ್ನ ಕೈಗಿತ್ತು
"ಕೊಟ್ಟೆ" ಎಂದ.

"ಸ್ವೀಕರಿಸಿದೆ" ಎನ್ನಬೇಕು. ಒಂದೇ ಪದ.
ಹಗ್ಗ ಒದ್ದೆಯಿತ್ತು.
ನಾನು ಏಳನೇ ವಯಸ್ಸಿನಿಂದ ಎಳೆದ ಹಗ್ಗ.
ಒಳ್ಳೆಯ ಮನುಷ್ಯ ಅವನು, ಅದೇ ಕಷ್ಟ:
ಕೆಟ್ಟವನಾಗಿದ್ದರೆ ಕೋರ್ಟಿಗೆ ಹೋಗಬಹುದಿತ್ತು,
ಒಳ್ಳೆಯವನ ಮುಂದೆ ಬೊಗಸೆ ಒಡ್ಡಬೇಕು.
ಮಿಸ್ರಿಯ ಹೇಳಿದಳು, ಎರಡು ಸಲ,
ನನ್ನದನ್ನೂ ಸೇರಿಸಿ.

ಹೊರಡುವಾಗ ಉಮ್ಮ ಬಿಂಬುಳಿ ಉಪ್ಪಿನಕಾಯಿಯ ಭರಣಿ ಕಳಿಸಿದಳು.
"ಇದರಲ್ಲಿ ನನ್ನ ಪಾಲೆಷ್ಟು, ಟೀಚರೇ?" ಎಂದ ಎಳಯಪ್ಪ.
ಎಲ್ಲರೂ ನಕ್ಕರು.
ನಾನು, ಸ್ವಲ್ಪ ತಡವಾಗಿ.